‘ಎತ್ತು ನಂದು’ ಅಂದರೆ ಕಾನೂನು ಸುಮ್ಮನಿರುತ್ತದಾ?

ಪ್ರಶ್ನೆ: ನಾವು ತುಮಕೂರಿನ ಶಿರಾ ಗೇಟ್ ಆಚೆ ಈಚೆಗೆ ಬೆಳೆದ ಬಡಾವಣೆಯಲ್ಲಿದ್ದೇವೆ. ಎದುರು ಸಾಲಿನವರೊಬ್ಬರು ಟೈರ್ ಗಾಡಿಯಲ್ಲಿ ಇಟ್ಟಿಗೆ, ಜಲ್ಲಿ ಹೊಡೆಯುತ್ತಾರೆ. ಎಡಗಡೆ ಎತ್ತಿನ ಹೆಗಲ ಮೇಲೆ ಅಂಗೈ ಅಗಲದ ಹುಣ್ಣಾಗಿದೆ. ಅದರ ಮೇಲೇ ನೊಗ ಇಡುತ್ತಾರೆ. ಕೋಲಿನ ತುದಿಗೆ ಮೊಳೆ ಹೊಡೆದಿದ್ದಾರೆ. ಕೇಳಿದರೆ ‘ಎತ್ತು ನಂದು, ಮೇವು ಹಾಕೋನು ನಾನು’ ಅನ್ನುತ್ತಾರೆ. ಇದರ ನಡುವೆ ಕಳೆದ ವಾರ ನಮ್ಮ ರಸ್ತೆಯ ಮೂರು ನಾಯಿಗಳಿಗೆ ಯಾರೋ ಅನ್ನದಲ್ಲಿ ವಿಷ ಹಾಕಿದರು. ಎರಡು ಸತ್ತವು, ಖಾಲಿ ಸೈಟಿನಲ್ಲಿ ಹೂತೆವು. ಮೂರನೆಯದನ್ನು ಪಶು ಆಸ್ಪತ್ರೆಗೆ ಒಯ್ದೆವು, ಬದುಕಿತು. ಠಾಣೆಗೆ ಹೋಗಿ ಎರಡೂ ವಿಷಯ ಹೇಳಿದರೆ ‘ಐವತ್ತು ರೂಪಾಯಿ ದಂಡದ ಕೇಸು ಮೇಡಂ, ಇದಕ್ಕೆಲ್ಲ ಎಫ್‌ಐಆರ್ ಆಗಲ್ಲ’ ಎಂದು ಕಳಿಸಿದರು. ಪ್ರಾಣಿಗಳಿಗೆ ನಿಜವಾಗಿ ಕಾನೂನಿನ ರಕ್ಷಣೆ ಇದೆಯಾ, ಇಲ್ಲ ಬರೀ ಪುಸ್ತಕದಲ್ಲಿದೆಯಾ? ನಾನು ಏನು ಮಾಡಬಹುದು? ಗಾಡಿಯವರ ಹೊಟ್ಟೆ ಮೇಲೆ ಹೊಡೆಯುವ ಆಸೆ ನನಗಿಲ್ಲ. ದಿನಾ ಮುಖ ನೋಡಬೇಕಾದವರು.

— ಓದುಗರು, ತುಮಕೂರು (ಹೆಸರು ಬೇಡ ಎಂದು ಕೇಳಿದ್ದಾರೆ)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯ ಇವೆ. ಒಂದು, ಮಾಲೀಕನೇ ತನ್ನ ಎತ್ತಿಗೆ ಕೊಡುತ್ತಿರುವ ನೋವು. ಇನ್ನೊಂದು, ಯಾರೋ ಬೀದಿನಾಯಿಗಳನ್ನು ಕೊಂದದ್ದು. ಠಾಣೆಯಲ್ಲಿ ಎರಡಕ್ಕೂ ಒಂದೇ ಉತ್ತರ ಕೊಟ್ಟು ಕಳಿಸಿದ್ದಾರೆ. ಎತ್ತಿನ ಮಟ್ಟಿಗೆ ಆ ಮಾತು ಮುಕ್ಕಾಲು ಸರಿ. ನಾಯಿಗಳ ಮಟ್ಟಿಗೆ ಪೂರ್ತಿ ತಪ್ಪು.

ತುಮಕೂರಿನ ಕೋರ್ಟುಗಳಲ್ಲಿ ವಕೀಲಿಕೆ ಮಾಡುತ್ತಾ ಇಂಥ ಪ್ರಕರಣಗಳಲ್ಲಿ ದೂರು ಕೊಟ್ಟವರ ಪರವಾಗಿಯೂ ನಿಂತಿದ್ದೇನೆ, ಆರೋಪಿಗಳ ಪರವಾಗಿಯೂ ನಿಂತಿದ್ದೇನೆ. ನನಗೆ ಕಂಡದ್ದು ಇಷ್ಟು. ಯಾರಿಗೂ ಸೇರದ ಬೀದಿನಾಯಿಯನ್ನು ಕೊಂದರೆ ನಮ್ಮ ಕಾನೂನಿಗೆ ಹಲ್ಲಿದೆ. ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತಿಗೆ ಅದರ ಒಡೆಯನೇ ದಿನಾ ಹಿಂಸೆ ಕೊಟ್ಟರೆ ಅದೇ ಕಾನೂನು ಸಡಿಲವಾಗುತ್ತದೆ. ಜನ ಅಂದುಕೊಂಡಿರುವುದು ಇದರ ತಿರುವುಮುರುವು, ಅಲ್ವಾ? ಬೀದಿನಾಯಿಗೆ ದಿಕ್ಕಿಲ್ಲ, ಎತ್ತಿಗಾದರೆ ಯಜಮಾನ ಇದ್ದಾನೆ ಎಂದು.

ಮೊದಲು ಆ ಐವತ್ತು ರೂಪಾಯಿ ವಿಷಯ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂದದ್ದು 1960ರಲ್ಲಿ. ರಾಜ್ಯಸಭೆಯಲ್ಲಿ ರುಕ್ಮಿಣಿ ದೇವಿ ಅರುಂಡೇಲ್ ಅವರು ಪಟ್ಟು ಹಿಡಿದು ಖಾಸಗಿ ಮಸೂದೆ ತಂದದ್ದರಿಂದ ಹುಟ್ಟಿದ ಕಾಯ್ದೆ ಅದು. ಅದರ ಸೆಕ್ಷನ್ 11ರಲ್ಲಿ ಹೊಡೆಯುವುದು, ಒದೆಯುವುದು, ಮಿತಿಮೀರಿ ಭಾರ ಹೊರಿಸುವುದು, ಮೇವು ನೀರು ಕೊಡದಿರುವುದು ಎಲ್ಲ ಅಪರಾಧ. ಆದರೆ ಮೊದಲ ಸಲಕ್ಕೆ ಶಿಕ್ಷೆ 10ರಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. 50 ರೂಪಾಯಿಗೆ 1960ರಲ್ಲಿ ತೂಕ ಇತ್ತು. ಆ ಅಂಕಿಯನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ. ಜಲ್ಲಿಕಟ್ಟು ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟೇ ಸಂಸತ್ತಿಗೆ ಶಿಕ್ಷೆ ಹೆಚ್ಚಿಸಿ ಎಂದು ಹೇಳಿತು. 2022ರಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿಯ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತು. ಪ್ರಾಣಿಯನ್ನು ಕೊಂದರೆ ಐದು ವರ್ಷದವರೆಗೆ ಜೈಲು ಎಂದು ಅದರಲ್ಲಿತ್ತು. ಕರಡು ಕಾನೂನಾಗಲಿಲ್ಲ.

ಇದನ್ನು ನಾಚಿಕೆಗೇಡು ಎಂದೇ ಕರೆಯುತ್ತೇನೆ. ನಮ್ಮ ರಾಜ್ಯದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯಲ್ಲಿ ಎತ್ತನ್ನು ಕಡಿದರೆ ಮೂರರಿಂದ ಏಳು ವರ್ಷದವರೆಗೆ ಜೈಲಿನ ಅವಕಾಶ ಇದೆ. ಅದೇ ಎತ್ತನ್ನು ಬದುಕಿರುವಷ್ಟು ದಿನ ಮೊಳೆಗೋಲಿನಲ್ಲಿ ತಿವಿದರೆ ದಂಡದ ಲೆಕ್ಕ ನೂರು ರೂಪಾಯಿ ದಾಟುವುದಿಲ್ಲ. ಸಾವಿನ ಬಗ್ಗೆ ಇರುವ ಕಾಳಜಿ ಬದುಕಿನ ಬಗ್ಗೆ ಯಾಕಿಲ್ಲ ಎಂದು ನಮ್ಮ ಶಾಸಕರನ್ನು ಕೇಳಬೇಕು.

ಆದರೆ ‘ಐವತ್ತು ರೂಪಾಯಿ ಕೇಸು’ ಎಂದು ಕೈಬಿಟ್ಟರೆ ನಷ್ಟ ಎತ್ತಿಗೇ. ಯಾಕೆಂದರೆ ಸೆಕ್ಷನ್ 11ರಲ್ಲಿ ಆ ಮೊದಲ ಶಿಕ್ಷೆ ದಾಖಲಾದರೆ ಮಾತ್ರ ಮುಂದಿನ ಸಲ ಜೈಲಿನ ಮಾತು ಬರುತ್ತದೆ. 1960ರ ಕಾಯ್ದೆಯ ಸೆಕ್ಷನ್ 29ರಲ್ಲಿ ಇನ್ನೊಂದು ಅಧಿಕಾರ ಇದೆ. ತಪ್ಪಿತಸ್ಥ ಎಂದು ತೀರ್ಮಾನವಾದ ಮಾಲೀಕನ ಹತ್ತಿರ ಬಿಟ್ಟರೆ ಮತ್ತೆ ಹಿಂಸೆ ಆಗಬಹುದು ಅನ್ನಿಸಿದರೆ, ಕೋರ್ಟು ಆ ಪ್ರಾಣಿಯ ಒಡೆತನವನ್ನೇ ಕಿತ್ತುಕೊಳ್ಳಬಹುದು. ಇದನ್ನು ಕೇಳಿ ಬೆಚ್ಚಿದ ಗಾಡಿ ಮಾಲೀಕರನ್ನು ನಾನು ನೋಡಿದ್ದೇನೆ. ದಂಡಕ್ಕೆ ಹೆದರದವರು ಎತ್ತು ಹೋಗುತ್ತದೆ ಅಂದರೆ ಹೆದರುತ್ತಾರೆ.

ಈಗ ‘ಎತ್ತು ನಂದು’ ಅನ್ನುವ ಮಾತು. ಈ ನೆಲದಲ್ಲಿ ಅದಕ್ಕೆ ಕಾನೂನಿನ ಬೆಲೆ ಇಲ್ಲ. ಕಾಯ್ದೆಯ ಸೆಕ್ಷನ್ 3 ನೇರವಾಗಿ ಮಾಲೀಕನ ಮೇಲೆ ಹೊಣೆ ಹೊರಿಸುತ್ತದೆ. ಪ್ರಾಣಿ ಚೆನ್ನಾಗಿರುವಂತೆ, ಅದಕ್ಕೆ ಅನಗತ್ಯ ನೋವಾಗದಂತೆ ನೋಡಿಕೊಳ್ಳುವುದು ಅವನ ಕೆಲಸ. ಸೆಕ್ಷನ್ 11ರಲ್ಲೇ ಒಂದು ಭಾಗ ನಿಮ್ಮ ಎದುರು ಮನೆಯ ಎತ್ತನ್ನು ನೋಡಿ ಬರೆದ ಹಾಗಿದೆ: ವಯಸ್ಸು, ರೋಗ, ಗಾಯ ಅಥವಾ ಹುಣ್ಣಿನಿಂದ ಕೆಲಸಕ್ಕೆ ಆಗದ ಪ್ರಾಣಿಯನ್ನು ಕೆಲಸಕ್ಕೆ ಹಚ್ಚುವುದು ಅಪರಾಧ. ಹೊಡೆದಿದ್ದನ್ನು ಯಾರೂ ನೋಡದಿದ್ದರೂ ಪರವಾಗಿಲ್ಲ. ಹುಣ್ಣಿನ ಮೇಲೆ ನೊಗ ಇದ್ದರೆ ಸಾಕು.

ಮೊಳೆ ಹೊಡೆದ ಕೋಲಿಗೆ ಬೇರೆಯೇ ನಿಯಮ ಇದೆ. ಗಾಡಿ ಎಳೆಯುವ, ಹೇರು ಹೊರುವ ಪ್ರಾಣಿಗಳಿಗೆಂದು 1965ರಲ್ಲಿ ಮಾಡಿದ ನಿಯಮಗಳಲ್ಲಿ ಚೂಪು ಮೊನೆಯ ಕೋಲು, ಚುಚ್ಚುವ ನೊಗ, ಗಾಯ ಮಾಡುವ ಸಾಮಾನು ಯಾವುದೂ ಕೂಡದು ಎಂದಿದೆ. ದಿನಕ್ಕೆ ಒಟ್ಟು 9 ಗಂಟೆ ಮೀರಿ ದುಡಿಸಬಾರದು. ಬಿಡುವಿಲ್ಲದೆ 5 ಗಂಟೆ ಮೀರಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ಶಿರಾ, ಪಾವಗಡದ ಏಪ್ರಿಲ್ ಬಿಸಿಲು ಕಂಡವರಿಗೆ ಈ ನಿಯಮ ಯಾಕೆ ಬೇಕು ಎಂದು ಹೇಳಬೇಕಾಗಿಲ್ಲ. ಎತ್ತಿನ ಗಾತ್ರ, ಚಕ್ರದ ಬಗೆ ನೋಡಿ ಹೇರಿಗೂ ಮಿತಿ ಇದೆ. ಈ ನಿಯಮ ಮುರಿದರೆ ಮೊದಲ ಸಲವೇ 100 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಠಾಣೆಯಲ್ಲಿ ಇದನ್ನು ಯಾರೂ ಹೇಳಿರುವುದಿಲ್ಲ.

ಪೊಲೀಸರು ಎಲ್ಲಿ ಸರಿ ಅಂದರೆ, ಇವು ಯಾವುವೂ ಅವರು ತಾವಾಗಿ ತನಿಖೆ ಮಾಡಬಹುದಾದ ಅಪರಾಧಗಳಲ್ಲ. ಠಾಣೆಯ ಭಾಷೆಯಲ್ಲಿ ‘ಎನ್‌ಸಿ’. ದೂರನ್ನು ಬರೆದುಕೊಂಡು, ಮ್ಯಾಜಿಸ್ಟ್ರೇಟರ ಆದೇಶ ತನ್ನಿ ಎಂದು ಕಳಿಸಬೇಕು. ಬರೆದುಕೊಳ್ಳದೆಯೇ ಕಳಿಸುವುದು ಮಾತ್ರ ತಪ್ಪು.

ಹಾಗಾದರೆ ಐದು ವರ್ಷದ ಶಿಕ್ಷೆ ಇರುವ ದೊಡ್ಡ ಸೆಕ್ಷನ್ ಎತ್ತಿಗೆ ಯಾಕೆ ಹಾಕಬಾರದು ಎಂದು ನೀವು ಕೇಳಬಹುದು. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 325, ಜುಲೈ 1, 2024ರಿಂದ ಜಾರಿಯಲ್ಲಿದೆ. ಯಾವುದೇ ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ ಐದು ವರ್ಷದವರೆಗೆ ಜೈಲು. ಹಿಂದಿನ ದಂಡ ಸಂಹಿತೆಯಲ್ಲಿ ಪ್ರಾಣಿಯ ಬೆಲೆ 10 ರೂಪಾಯಿ ಇದೆಯಾ, 50 ರೂಪಾಯಿ ಇದೆಯಾ ಎಂದು ನೋಡಬೇಕಿತ್ತು. ಈಗ ಆ ಬೆಲೆಯ ಮಾತು ಹೋಗಿದೆ, ಒಳ್ಳೆಯದಾಯಿತು. ಆದರೆ ಈ ಸೆಕ್ಷನ್ನಿನ ಬೇರು ಇರುವುದು ಆಸ್ತಿಗೆ ಹಾನಿ ಮಾಡುವ ಅಪರಾಧದಲ್ಲಿ. ಬೇರೊಬ್ಬರಿಗೆ ಇಲ್ಲವೇ ಸಾರ್ವಜನಿಕರಿಗೆ ನಷ್ಟವಾಗಿರಬೇಕು. ತನ್ನದೇ ಎತ್ತಿಗೆ ಹುಣ್ಣು ಮಾಡಿದವನಿಂದ ಬೇರೆ ಯಾರಿಗೆ ನಷ್ಟ? ಅವನ ವಕೀಲರು ಮೊದಲು ಕೇಳುವ ಪ್ರಶ್ನೆ ಅದೇ. ಪ್ರಾಣಿಯ ನೋವು ಕಾನೂನಿಗೆ ಇನ್ನೂ ನೇರವಾಗಿ ಕಾಣುವುದಿಲ್ಲ, ಯಜಮಾನನ ಆಸ್ತಿಯ ಮೂಲಕವೇ ಕಾಣುತ್ತದೆ. ನಾನು ಮೊದಲು ಹೇಳಿದ ಸಡಿಲು ಇದೇ.

ಮಾಲೀಕನ ಮೇಲೂ ಕಾನೂನು ಬಿಗಿಯಾಗಿರುವ ಒಂದು ಜಾಗ ಇದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಹಾಲಿನ ಜಿಲ್ಲೆಗಳಾದ್ದರಿಂದ ಹೇಳಿಬಿಡುತ್ತೇನೆ. ಹಾಲು ಜಾಸ್ತಿ ಇಳಿಯಲಿ ಎಂದು ಹಸುವಿಗೋ ಎಮ್ಮೆಗೋ ಆರೋಗ್ಯ ಕೆಡಿಸುವ ಇಂಜೆಕ್ಷನ್ ಚುಚ್ಚಿದರೆ 1960ರ ಕಾಯ್ದೆಯ ಸೆಕ್ಷನ್ 12ರಲ್ಲಿ ಎರಡು ವರ್ಷದವರೆಗೆ ಜೈಲು, ಪೊಲೀಸರು ನೇರ ಎಫ್‌ಐಆರ್ ಮಾಡಬಹುದು, ಹಸು ಸರ್ಕಾರದ ವಶಕ್ಕೆ ಹೋಗುತ್ತದೆ. ಬೇಕು ಅಂದರೆ ಬಿಗಿ ಕಾನೂನು ಮಾಡಲು ಬರುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ.

ನಾಯಿಗಳ ವಿಷಯಕ್ಕೆ ಬರೋಣ. ಇಲ್ಲಿ ನಿಮ್ಮ ಕೈ ಗಟ್ಟಿಯಾಗಿದೆ. 1960ರ ಕಾಯ್ದೆಯ ಸೆಕ್ಷನ್ 11(1)(ಎಲ್) ಬೀದಿನಾಯಿಗಳನ್ನು ಹೆಸರು ಹಿಡಿದೇ ಹೇಳುತ್ತದೆ. ಅನಗತ್ಯ ಕ್ರೂರ ರೀತಿಯಲ್ಲಿ ಕೊಲ್ಲುವುದು ಅಪರಾಧ. ಸೆಕ್ಷನ್ 31ರ ಪ್ರಕಾರ ಆ ಅಪರಾಧಕ್ಕೆ ಪೊಲೀಸರು ಯಾರ ಆದೇಶಕ್ಕೂ ಕಾಯಬೇಕಾಗಿಲ್ಲ. ಜೊತೆಗೆ ನ್ಯಾಯ ಸಂಹಿತೆಯ 325 ಇದೆ, ಅದರಲ್ಲಿ ವಿಷ ಅನ್ನುವ ಪದವೇ ಇದೆ. ‘ಬೀದಿನಾಯಿ ಯಾರ ಆಸ್ತಿ, ಯಾರಿಗೆ ನಷ್ಟ’ ಎಂಬ ವಾದ ಇಲ್ಲೂ ಬರುತ್ತದೆ. ಅದಕ್ಕೇ ದೂರಿನಲ್ಲಿ ಎರಡೂ ಸೆಕ್ಷನ್ ಇರಬೇಕು. ಒಂದು ಜಾರಿದರೂ ಇನ್ನೊಂದು ನಿಲ್ಲುತ್ತದೆ. ಯಾರು ಹಾಕಿದರು ಗೊತ್ತಿಲ್ಲ ಅನ್ನುವುದು ಎಫ್‌ಐಆರ್‌ಗೆ ಅಡ್ಡಿಯಲ್ಲ. ‘ಅಪರಿಚಿತರು’ ಎಂದು ಬರೆದರಾಯಿತು. ದೂರು ಕೊಡಲು ಪ್ರಾಣಿದಯಾ ಸಂಘದವರೇ ಬೇಕು ಅನ್ನುವುದೂ ಸುಳ್ಳು. ಯಾರು ಬೇಕಾದರೂ ಕೊಡಬಹುದು.

ಕೋರ್ಟಿನಲ್ಲಿ ಇಂಥ ಕೇಸು ಬಿದ್ದುಹೋಗುವುದು ಸೆಕ್ಷನ್ ಇಲ್ಲದೆ ಅಲ್ಲ, ಕಾಗದ ಇಲ್ಲದೆ. ನಾಯಿ ವಿಷದಿಂದಲೇ ಸತ್ತಿತು ಎಂದು ಹೇಳುವವರು ಯಾರು? ಸರ್ಕಾರಿ ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಬೇಕು. ಹೊಟ್ಟೆಯನ್ನು ಅದರೊಳಗಿನ ಅನ್ನದ ಸಮೇತ, ಪಿತ್ತಜನಕಾಂಗ ಮತ್ತು ಮೂತ್ರಪಿಂಡದ ತುಂಡುಗಳ ಜೊತೆ ಬೇರೆ ಬೇರೆ ಅಗಲ ಬಾಯಿಯ ಬಾಟಲಿಗಳಲ್ಲಿ ಹಾಕುತ್ತಾರೆ. ಮುಳುಗುವಷ್ಟು ಗಟ್ಟಿ ಉಪ್ಪುನೀರು ಸುರಿಯುತ್ತಾರೆ. ಅರಗು ಹಾಕಿ ಮೊಹರು ಒತ್ತುತ್ತಾರೆ. ಅದು ಪೊಲೀಸರ ಪತ್ರದ ಜೊತೆ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಬೇಕು. ನಡುವೆ ಒಂದು ಸಹಿ ತಪ್ಪಿದರೂ ‘ಈ ಬಾಟಲಿ ಆ ನಾಯಿಯದ್ದೇ ಎಂದು ಏನು ಖಾತ್ರಿ’ ಎಂದು ಕೇಳುತ್ತಾರೆ. ನಾನೇ ಆರೋಪಿಯ ಪರ ನಿಂತಾಗ ಕೇಳಿದ್ದೇನೆ. ಅದು ನನ್ನ ಕೆಲಸವೂ ಹೌದು.

ನೀವು ನಾಯಿಗಳನ್ನು ಹೂತಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರೂ ಹಾಗೇ ಮಾಡುತ್ತಾರೆ. ಎಫ್‌ಐಆರ್ ಆದ ಮೇಲೆ ಪೊಲೀಸರು ಪಂಚರ ಎದುರು ಮಹಜರು ಮಾಡಿ ಹೊರತೆಗೆಸಬಹುದು. ವಾರ ಕಳೆದರೂ ಕೆಲವು ಕೀಟನಾಶಕಗಳ ಕುರುಹು ಸಿಗಬಹುದು. ನೀವಾಗಿ ಅಗೆಯಬೇಡಿ. ನಿಮ್ಮ ದೊಡ್ಡ ಸಾಕ್ಷಿ ಬದುಕಿದ ಆ ಮೂರನೇ ನಾಯಿ. ಆಸ್ಪತ್ರೆಯ ಚೀಟಿಯನ್ನು ತೆಗೆದು ನೋಡಿ. ಜೊಲ್ಲು ಸುರಿಯುತ್ತಿತ್ತು, ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು, ಮೈ ನಡುಗುತ್ತಿತ್ತು, ಅಟ್ರೊಪಿನ್ (ಇಂಥ ವಿಷಕ್ಕೆ ಕೊಡುವ ಮದ್ದು) ಕೊಟ್ಟೆವು ಎಂದು ವೈದ್ಯರು ಬರೆದಿದ್ದರೆ ಅದು ಹೊಲಕ್ಕೆ ಹೊಡೆಯುವ ಒಂದು ಜಾತಿಯ ಕೀಟನಾಶಕದತ್ತ ಬೆರಳು ತೋರಿಸುತ್ತದೆ. ಅನ್ನದ ಪೊಟ್ಟಣ, ಎಲೆ, ಪ್ಲಾಸ್ಟಿಕ್ ಉಳಿದಿದ್ದರೆ ಬರಿಗೈಯಲ್ಲಿ ಮುಟ್ಟದೆ ಎತ್ತಿಟ್ಟು ಪೊಲೀಸರಿಗೇ ಒಪ್ಪಿಸಿ. ರಸ್ತೆಯಲ್ಲಿ ಯಾರ ಮನೆಗೆ ಸಿಸಿಟಿವಿ ಇದೆಯೋ ಇವತ್ತೇ ಕೇಳಿ. ಹಳೆಯ ದೃಶ್ಯದ ಮೇಲೆ ಹೊಸದು ಬೀಳುತ್ತಾ ಹೋಗುತ್ತದೆ.

ದೂರನ್ನು ಬರೆದೇ ಕೊಡಿ, ಬಾಯಿಮಾತಿನಲ್ಲಿ ಬೇಡ. ತೆಗೆದುಕೊಳ್ಳದಿದ್ದರೆ ಜಗಳ ಬೇಡ, ‘ಹಿಂಬರಹ ಕೊಡಿ ಸಾರ್’ ಅನ್ನಿ. ಯಾಕೆ ಎಫ್‌ಐಆರ್ ಇಲ್ಲ ಎಂದು ಸಹಿ ಹಾಕಿ ಬರೆದು ಕೊಡುವಾಗ ಎಷ್ಟೋ ಸಲ ಎಫ್‌ಐಆರ್ ಆಗಿಬಿಡುತ್ತದೆ. ಆಗಲೂ ಆಗದಿದ್ದರೆ ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173(4)ರಲ್ಲಿ ದೂರಿನ ಪ್ರತಿಯನ್ನು ಅಂಚೆಯಲ್ಲಿ ಜಿಲ್ಲಾ ಎಸ್‌ಪಿಗೆ ಕಳಿಸಿ. ನಂತರ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು.

ವಿಷ ಹಾಕಿದವರ ಕಡೆಯಿಂದಲೂ ಒಂದು ಮಾತು ಕೇಳಬೇಕು. ಮಕ್ಕಳನ್ನು ನಾಯಿ ಕಚ್ಚಿರಬಹುದು, ರಾತ್ರಿ ಬೈಕಿಗೆ ಅಟ್ಟಿಸಿಕೊಂಡು ಬಂದಿರಬಹುದು. ಆ ಭಯ ಸುಳ್ಳಲ್ಲ, ಹುಚ್ಚುನಾಯಿ ರೋಗ ಬಂದರೆ ಉಳಿಯುವುದು ಕನಸು. ಆದರೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಂತಾನಹರಣ ಮಾಡಿ ಲಸಿಕೆ ಹಾಕುವ ಹೊಣೆ ಪಾಲಿಕೆಯದು. ಸುಪ್ರೀಂ ಕೋರ್ಟು ನವೆಂಬರ್ 2025ರಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ನಾಯಿಗಳನ್ನು ತೆಗೆಯಿರಿ ಎಂದಾಗಲೂ ಆಶ್ರಯತಾಣಕ್ಕೆ ಒಯ್ಯಿರಿ ಎಂದಿತು, ಕೊಲ್ಲಿ ಅನ್ನಲಿಲ್ಲ. ಹಾಗಾಗಿ ಪೊಲೀಸ್ ದೂರಿನ ಜೊತೆಗೇ ಬಡಾವಣೆಯ ಹತ್ತು ಜನ ಸೇರಿ ಪಾಲಿಕೆಗೂ ಒಂದು ಅರ್ಜಿ ಕೊಡಿ. ಸಿಟ್ಟಾದವರೂ ಅದಕ್ಕೆ ಸಹಿ ಹಾಕುತ್ತಾರೆ. ಆಗ ನೀವು ಬರೀ ನಾಯಿಗಳ ಕಡೆಯವರು ಅನ್ನುವ ಹೆಸರೂ ಬರುವುದಿಲ್ಲ.

ಎತ್ತಿಗೆ ನಾನು ಕೋರ್ಟಿನ ದಾರಿಯನ್ನು ಮೊದಲು ಹೇಳುವುದಿಲ್ಲ. ಮೊದಲು 1962ಕ್ಕೆ ಫೋನ್ ಮಾಡಿ. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನದ ನಂಬರು ಅದು. ಇಲ್ಲವೇ ಹತ್ತಿರದ ಪಶು ಆಸ್ಪತ್ರೆಯ ವೈದ್ಯರನ್ನು ಕರೆತನ್ನಿ. ಹೆಗಲ ಹುಣ್ಣು ಬಹಳ ಸಲ ಬರೀ ಕ್ರೌರ್ಯದಿಂದ ಆಗುವುದಿಲ್ಲ. ಹೇರು ಮುಂಭಾರವಾದರೆ ಗಾಡಿಯ ತೂಕವೆಲ್ಲ ನೊಗದ ಮೂಲಕ ಕತ್ತಿನ ಮೇಲೆ ಕೂರುತ್ತದೆ. ಜೋಡಿಯಲ್ಲಿ ಒಂದು ಗಿಡ್ಡ, ಒಂದು ಎತ್ತರವಾದರೆ ಒಂದೇ ಕಡೆ ಒತ್ತುತ್ತದೆ. ನಿಮ್ಮಲ್ಲಿ ಎಡಗಡೆಯದಕ್ಕೆ ಮಾತ್ರ ಹುಣ್ಣಾಗಿರುವುದು ಇದನ್ನೇ ಹೇಳುತ್ತಿರಬಹುದು. ವೈದ್ಯರು ಬಂದು ‘ಇದು ಮಾಗುವವರೆಗೆ ನೊಗ ಹಾಕಬೇಡ, ಹಾಕಿದರೆ ಎತ್ತು ಕೆಲಸಕ್ಕೇ ಬಾರದಾಗುತ್ತದೆ’ ಅಂದರೆ ಆ ಮಾತು ಗಾಡಿಯವರಿಗೆ ನಾಟುತ್ತದೆ. ನೀವೋ ನಾನೋ ಹೇಳಿದರೆ ನಾಟುವುದಿಲ್ಲ. ವೈದ್ಯರು ಹುಣ್ಣಿನ ಅಳತೆ, ದಿನಾಂಕ, ಕೆಲಸಕ್ಕೆ ಯೋಗ್ಯವಲ್ಲ ಎಂದು ಬರೆದುಕೊಟ್ಟರೆ ಮುಂದೆ ಕೇಸಿಗೂ ಅದೇ ಆಧಾರ. ಈ ದಾರಿಯ ಅಪಾಯ ಎಂದರೆ ಅವರು ಬೈಯಬಹುದು, ಎರಡು ದಿನ ಸುಮ್ಮನಿದ್ದು ಮತ್ತೆ ಹೂಡಬಹುದು.

ಹಾಗೆ ಹೂಡಿದರೆ ಖಾಸಗಿ ದೂರು. ಕೋರ್ಟಿನಲ್ಲಿ ನಾವು ಪಿಸಿಆರ್ ಅನ್ನುತ್ತೇವೆ, ಅದೇ ಸುರಕ್ಷಾ ಸಂಹಿತೆಯ ಸೆಕ್ಷನ್ 223. ಹೊಸ ಕಾನೂನಿನಲ್ಲಿ ಮ್ಯಾಜಿಸ್ಟ್ರೇಟರು ಮುಂದುವರಿಯುವ ಮೊದಲೇ ಎದುರಿನವರ ಮಾತನ್ನೂ ಕೇಳಬೇಕು. ಅಂದರೆ ನಿಮ್ಮ ಹೆಸರು ಶುರುವಿನಲ್ಲೇ ಗೊತ್ತಾಗುತ್ತದೆ. ನೀವು ಸಾಕ್ಷಿ ಹೇಳಬೇಕು, ವಾಯಿದೆಗಳಿಗೆ ಬರಬೇಕು. ವಿಚಾರಣೆ ನಡೆಯುವಾಗ ಎತ್ತನ್ನು ಚಿಕಿತ್ಸೆಗೆ ಗೋಶಾಲೆಗೋ ಪ್ರಾಣಿ ಆಸ್ಪತ್ರೆಗೋ ಕಳಿಸುವ ಅಧಿಕಾರ ಕೋರ್ಟಿಗಿದೆ, ಖರ್ಚು ಮಾಲೀಕರ ಮೇಲೆ ಬರುತ್ತದೆ. ಒಂದು ಎತ್ತು ಹೋದರೆ ಗಾಡಿ ನಿಂತಿತು, ಗಾಡಿ ನಿಂತರೆ ಮನೆ ನಿಂತಿತು. ಹೊಟ್ಟೆ ಮೇಲೆ ಹೊಡೆಯುವ ಆಸೆ ಇಲ್ಲ ಅಂದಿರಲ್ಲ, ಇದನ್ನು ಯೋಚಿಸಿಯೇ ಹೆಜ್ಜೆ ಇಡಿ. ಹಾಗೆಂದು ಬಡತನದ ಕಾರಣಕ್ಕೆ ಎತ್ತು ಹುಣ್ಣಿನ ಮೇಲೆ ನೊಗ ಹೊರಲೇಬೇಕು ಎಂದೂ ನಾನು ಒಪ್ಪುವುದಿಲ್ಲ. ಮಾತಿನಲ್ಲಿ ಆಗದಿದ್ದರೆ ಕೇಸು ಹಾಕಿ. ನಾನಾದರೂ ಹಾಕುತ್ತೇನೆ.

ಎರಡು ಕೆಲಸ ಮಾತ್ರ ಮಾಡಬೇಡಿ. ಗಾಡಿಯನ್ನು ರಸ್ತೆಯಲ್ಲಿ ಅಡ್ಡಗಟ್ಟಬೇಡಿ, ಬೇರೆಯವರನ್ನು ಕರೆದು ಅಡ್ಡಗಟ್ಟಿಸಲೂಬೇಡಿ. ಜಾನುವಾರಿನ ಹೆಸರಿನಲ್ಲಿ ರಸ್ತೆಗೆ ಇಳಿದ ಗುಂಪು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಎಲ್ಲರೂ ನೋಡಿದ್ದೇವೆ. ಮತ್ತೆ, ವಿಡಿಯೊ ತೆಗೆಯಿರಿ, ಆದರೆ ಹೆಸರು ಮುಖದ ಸಮೇತ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಅದು ನಿಮ್ಮ ಮೇಲೇ ಮಾನನಷ್ಟದ ದೂರಾಗಿ ತಿರುಗಬಹುದು. ಮೂಲ ಫೈಲು ಮೊಬೈಲಿನಲ್ಲೇ ಇರಲಿ, ಅಳಿಸಬೇಡಿ.

ಕೊನೆಯದಾಗಿ ಅವಧಿ. 1960ರ ಕಾಯ್ದೆಯ ಯಾವುದೇ ಅಪರಾಧಕ್ಕೂ ಸೆಕ್ಷನ್ 36ರಲ್ಲಿ ಮೂರು ತಿಂಗಳ ಗಡುವು ಇದೆ. ಅದು ಮೀರಿದರೆ ಕೋರ್ಟು ಒಳಗೆ ಬಿಡುವುದಿಲ್ಲ. ನಾಯಿಗಳ ಗಡುವು ಕಳೆದ ವಾರದಿಂದಲೇ ಓಡುತ್ತಿದೆ. ಎತ್ತಿನದು ಹಾಗಲ್ಲ. ಹುಣ್ಣಿನ ಮೇಲೆ ನೊಗ ಇಟ್ಟ ಪ್ರತಿ ದಿನವೂ ಹೊಸ ಅಪರಾಧ. ಹಾಗಾಗಿ ವೈದ್ಯರು ನೋಡಿ ಹೋದ ಮೇಲೂ ಹೂಡಿದರೆ, ಆ ದಿನದ ತಾರೀಖು ಇರುವ ಹೊಸ ಫೋಟೊ ತೆಗೆದುಕೊಂಡೇ ನಿಮ್ಮ ವಕೀಲರ ಹತ್ತಿರ ಹೋಗಿ.